ಮುಸಾಫಿರನ ಪಾಲು

ಹೈದರಾಬಾದ್ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತು ಶೌಕತ ಅಲಿ ಹೆಂಡತಿಗೂ ಮಗನಿಗೂ ಒಂದು ಅಪ್ಪಣೆ ಕೊಟ್ಟ. ಇಲ್ಲಿಂದ ಮುಂದೆ, ತಿರುಗಿ ವಾಡಿಗೆ ಬಂದು ಮನೆಯ ಕದ ಹಾಕಿಕೊಳ್ಳುವ ತನಕ, ಯಾರೂ ಮನೆಮಾತಾದ ದಖನಿ ಉರ್ದುವಿನಲ್ಲಿ ಮಾತಾಡಬಾರದು. ಕನ್ನಡ ಮಾತ್ರ.

“ಮನ್ಯಾಗಿನ ಮಾತು ಮನ್ಯಾಗ ಇರಲಿ,” ಎಂದ.

“ಮತ್ತ ನಿಮಗ ಅಬ್ಬಾ ಅನ್ನಬಹುದೋ, ಅದೂ ಬ್ಯಾಡೋ?” ಮಗ ಅತೀಕ ಕೇಳಿದ.

“ಅನ್ನು. ಮೆಲ್ಲಕ ಅನ್ನು.”

“ಕನ್ನಡದವರೂ ಹೆದರಿದಾಗ ಅಬ್ಬಾ ಅಂತಾರ ಬಿಡ್ರಿ. ಯಾರಿಗೂ ತಿಳ್ಯಾಂಗಿಲ್ಲ.”

ಮೆಹತಾಬ್ ದುಪಟ್ಟಾದ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಶೌಕತ ನಗಲಿಲ್ಲ.

ಅವನದು ಹುಚ್ಚು ಹೆದರಿಕೆ ಆಗಿರಲಿಲ್ಲ. ಅದನ್ನು ಅವನಿಗೆ ಕಲಿಸಿದವರಿಗೆ ಸರ್ಕಾರ ತಿಂಗಳು ತಿಂಗಳು ಸಂಬಳ ಕೊಡುತ್ತಿತ್ತು. ವಾಡಿಯ ಸ್ಟೇಶನ್ ರಸ್ತೆಯಲ್ಲಿ ಶೌಕತನದು ಟೇಲರ್ ಅಂಗಡಿ. ಬಟ್ಟೆ ಹೊಲಿದ ಮೇಲೆ ಉಳಿದ ಚೂರುಗಳನ್ನು ಜೋಡಿಸಿ ಕೈಚೀಲ ಮಾಡಿ, ಒಂದು ಮೂಲೆಗೆ ತನ್ನ ಅಂಗಡಿಯ ಹೆಸರಿನ ಪಟ್ಟಿ ಹಚ್ಚಿ, ಗಿರಾಕಿಗಳಿಗೆ ಪುಕ್ಕಟೆ ಕೊಡುತ್ತಿದ್ದ. ಸುಲೇಪೇಟೆಯ ಸಂತೆಯ ಬದನೆಕಾಯಿ ಅವನ ಚೀಲದಲ್ಲಿ ಮನೆಗೆ ಬರುತ್ತಿತ್ತು. ಭಂಕೂರಿನ ಕಲ್ಲುಗಣಿಯವರ ಬುತ್ತಿ ಅವನ ಚೀಲದಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಪೊಲೀಸ್ ಕ್ವಾರ್ಟರ್ಸಿನ ಹೆಂಗಸರೂ ಅದೇ ಚೀಲ ಹಿಡಿದು ಹಾಲಿಗೆ ಹೋಗುತ್ತಿದ್ದರು. ಹೀಗಿರುವಾಗ ಒಂದು ದಿನ, ದೂರದ ಯಾವುದೋ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನಲ್ಲಿ ವಾರಸುದಾರರಿಲ್ಲದ ಒಂದು ಚೀಲ ಸಿಕ್ಕಿತು. ಅದರ ಒಳಗಿದ್ದದ್ದು ಸಿಡಿಯಲಿಲ್ಲ. ಅದರ ಮೂಲೆಯಲ್ಲಿದ್ದ ‘ಶೌಕತ್ ಟೇಲರ್ಸ್, ವಾಡಿ’ ಎಂಬ ಪಟ್ಟಿ ಸಿಡಿದು ಒಂದು ಮನೆಯನ್ನು ಕೆಡವಿತು.

ಒಂಬತ್ತು ವರ್ಷ ಅವನು ಒಳಗಿದ್ದ. ಜಾಮೀನಿಲ್ಲ, ವಿಚಾರಣೆ ಮುಗಿಯುವುದಿಲ್ಲ. ಕೊನೆಗೆ ಚಿತ್ತಾಪುರದ ವಕೀಲ ಭಗವಂತ ಎದ್ದು ನಿಂತು, ಹೊಲಿದವನು ಅಪರಾಧಿಯಾದರೆ ನೇಯ್ದವನನ್ನೂ ಹತ್ತಿ ಬೆಳೆದವನನ್ನೂ ಯಾಕೆ ಹಿಡಿಯಲಿಲ್ಲ ಎಂದು ಕೇಳಿದ. ಸಾಕ್ಷ್ಯವಿಲ್ಲ ಎಂದು ಕೋರ್ಟು ಬಿಟ್ಟಿತು. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ಬಿಟ್ಟ ಮೇಲೂ ಸೋಮವಾರ ಸೋಮವಾರ ಪೊಲೀಸ್ ಸ್ಟೇಶನ್ನಿಗೆ ಕರೆಸಿ ಸಹಿ ಮಾಡಿಸಿಕೊಂಡರು. ಅವನನ್ನು ಉಗ್ರ ಎಂದು ಫೋಟೊ ಸಮೇತ ಅಚ್ಚು ಹಾಕಿದ ಪತ್ರಿಕೆಗಳಿಗೆ, ಬಿಡುಗಡೆಯ ದಿನ ಒಂದು ಬೆರಳಿನಷ್ಟು ಜಾಗವೂ ಸಿಗಲಿಲ್ಲ. ಶೌಕತ ಮತ್ತೆ ಅಂಗಡಿ ತೆರೆದ, ಮತ್ತೆ ಚೀಲ ಹೊಲಿದ. ಹೆಸರಿನ ಪಟ್ಟಿ ಮಾತ್ರ ಹಚ್ಚಲಿಲ್ಲ.

ಅವನನ್ನು ಒಯ್ದಾಗ ಮಗಳು ಸಾನಿಯಾ ಇನ್ನೂ ಶಾಲೆಯ ಲಂಗ ಹಾಕುತ್ತಿದ್ದಳು. ಅವಳೀಗ ಕಲಬುರಗಿಯಲ್ಲಿ ಆರ್ಕಿಟೆಕ್ಚರ್ ಮುಗಿಸಿ, ವಿದ್ಯಾರ್ಥಿವೇತನ ಗೆದ್ದು, ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ ಹಳೆಯ ಕಟ್ಟಡಗಳನ್ನು ಕೆಡದಂತೆ ದುರಸ್ತಿ ಮಾಡುವ ವಿದ್ಯೆ ಕಲಿತಿದ್ದಳು. ಹನಿಯಾ ಎಂಬುದು ಊರು. ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ ವೆನಿಸಿನವರು ಕಟ್ಟಿದ, ತುರ್ಕರು ಗೆದ್ದು ಆಳಿದ ಹಳೆಯ ಬಂದರು. ಪದವಿ ಕೊಡುವ ದಿನ ಗೊತ್ತಾದಾಗ ಸಾನಿಯಾ ಫೋನು ಮಾಡಿ, “ಅಬ್ಬಾ ಬಂದ್ರ ಸ್ಟೇಜ್ ಹತ್ತತೀನಿ, ಇಲ್ಲಾಂದ್ರ ಕಾಗದ ಪೋಸ್ಟಿನ್ಯಾಗ ತರಿಸ್ಕೋತೀನಿ” ಎಂದಿದ್ದಳು. ನಿರ್ದೋಷಿ ಎಂದು ಕೋರ್ಟೇ ಹೇಳಿದವನಿಗೆ ಪಾಸ್‌ಪೋರ್ಟ್ ಸಿಗಲು ಇನ್ನೊಮ್ಮೆ ಕೋರ್ಟಿಗೆ ಹೋಗಬೇಕಾಯಿತು. ಆದರೂ ಅವನು ಬಂದ.

ಮಗಳು ಕಪ್ಪು ನಿಲುವಂಗಿ ಹಾಕಿ ಸ್ಟೇಜ್ ಹತ್ತಿದ್ದನ್ನು ನೋಡಿದ ಮರುದಿನ ನಾಲ್ವರೂ ಆ ಹಳೆಯ ಬಂದರನ್ನು ನೋಡಲು ಹೊರಟರು.

ಬಿಸಿಲಿತ್ತು, ಆದರೆ ವಾಡಿಯ ಬಿಸಿಲಿನ ಹಾಗೆ ಹೊಡೆಯುವ ಬಿಸಿಲಲ್ಲ. ನೀರು ಅರ್ಧಚಂದ್ರನ ಹಾಗೆ ಊರಿನೊಳಗೆ ಬಂದು ನಿಂತಿತ್ತು. ಅದರ ಸುತ್ತ ಹಳದಿ, ಗುಲಾಬಿ ಬಣ್ಣದ ಹಳೆಯ ಮನೆಗಳು, ಕೆಳಗೆಲ್ಲ ಹೋಟೆಲಿನ ಕುರ್ಚಿಗಳು; ದೂರದಲ್ಲಿ ಗೋಡೆಯ ತುದಿಗೆ ಒಂದು ದೀಪಸ್ತಂಭ. ಮೆಹತಾಬ್ ಕಾಲ ಕೆಳಗಿನ ಹಾಸುಗಲ್ಲು ನೋಡಿದಳು.

“ಶಹಾಬಾದ ಫರಸಿ ಇಲ್ಲಿತನಕಾ ಬಂದಾವೇನು?”

“ಇಲ್ಲ ಅಮ್ಮಿ, ಇವರ ಕಲ್ಲು ಇವರದು.”

“ನಮ್ಮವೇ ಛಲೋ. ಇವು ಜಾರತಾವ.”

“ಇವು ನಾನೂರು-ಐದುನೂರು ವರ್ಷ ಜನ ತುಳದ ಕಲ್ಲು, ಅಮ್ಮಿ.”

“ಮತ್ತ? ಅಷ್ಟು ವರ್ಷ ಆದಮ್ಯಾಲ ಬದಲಸಬೇಕಿಲ್ಲೇನು?”

ಇವಳಿಗೆ ಹಳೆಯದನ್ನು ಉಳಿಸುವ ವಿದ್ಯೆ ವಿವರಿಸಿ ಪ್ರಯೋಜನವಿಲ್ಲ ಎಂದು ಸಾನಿಯಾ ನಕ್ಕಳು. ದೀಪಸ್ತಂಭದ ಸುತ್ತ ಹೋಗಿ ಬರುವ ದೋಣಿಗೆ ಟಿಕೆಟ್ ತರಲು ತಮ್ಮನನ್ನು ಕರೆದುಕೊಂಡು ಹೋದಳು. ಶೌಕತ ನೀರಿನ ಅಂಚಿನಲ್ಲಿ ನಿಂತು, ಬಲೆ ರಿಪೇರಿ ಮಾಡುತ್ತಿದ್ದ ಒಬ್ಬನ ಸೂಜಿಯನ್ನೇ ನೋಡುತ್ತ ಮೈಮರೆತ.

ಆಗ ಮೆಹತಾಬಳ ಕಣ್ಣಿಗೆ ಆ ಗುಮ್ಮಟ ಬಿತ್ತು.

ನೀರಿನ ಪಕ್ಕಕ್ಕೇ ಒಂದು ದೊಡ್ಡ ಗುಮ್ಮಟ, ಅದಕ್ಕೆ ಒತ್ತಿಕೊಂಡು ಸಣ್ಣ ಸಣ್ಣ ಗುಮ್ಮಟಗಳು. ಅದರ ಮುಂದೆ ಕುದುರೆಗಾಡಿಗಳು. ಇಷ್ಟು ದೂರ ಬಂದ ಮೇಲೆ, ಪರದೇಶದ ನೀರಿನ ದಂಡೆಯ ಮೇಲೆ, ಕಲಬುರಗಿಯ ಗುಮ್ಮಟಗಳ ತಂಗಿಯ ಹಾಗೆ ಅದು ಕೂತಿತ್ತು. ಇದು ಯಾವುದೋ ಬುಜುರ್ಗ ಸಂತರ ದರ್ಗಾ ಎನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಅವಳ ಕೈಯಲ್ಲಿ ಬುತ್ತಿಯ ಚೀಲವಿತ್ತು. ಅದನ್ನು ಏನು ಮಾಡಬೇಕೆಂಬುದು ಅವಳಿಗೆ ತಿಳಿದೇ ಇತ್ತು.

ವಾಡಿಯಲ್ಲಿ ರೈಲು ಹಳಿಯ ಮಗ್ಗುಲಿಗೆ ಒಂದು ಸಣ್ಣ ದರ್ಗಾ ಇದೆ. ಅದರ ಗೋಡೆಗೆ ಸಾಲಾಗಿ ಮೊಳೆ ಹೊಡೆದಿದ್ದಾರೆ. ಮನೆಯಲ್ಲಿ ಒಳ್ಳೆಯದಾದರೆ, ಹೊಸ ಊರಿಗೆ ಸುಖವಾಗಿ ಮುಟ್ಟಿದರೆ, ಮೊದಲ ತುತ್ತು ತಾವು ತಿನ್ನುವ ಮುಂಚೆ ಒಂದು ಬುತ್ತಿ ಕಟ್ಟಿ ಆ ಮೊಳೆಗೆ ನೇತುಹಾಕಬೇಕು. ಅದು ಮುಸಾಫಿರನ ಪಾಲು. ರೈಲು ತಪ್ಪಿದವರು, ಜೇಬು ಕತ್ತರಿಸಿಕೊಂಡವರು, ಕೂಲಿ ಹುಡುಕಿ ಬಂದವರು, ಯಾರು ಹಸಿದಿದ್ದರೆ ಅವರು ಬಿಚ್ಚಿ ತಿನ್ನಬಹುದು. ಅದಕ್ಕೆ ಎರಡೇ ಕಟ್ಟಳೆ. ಕೊಟ್ಟದ್ದನ್ನು ಯಾರಿಗೂ ಹೇಳಬಾರದು. ಇಟ್ಟ ಮೇಲೆ ಹಿಂದೆ ತಿರುಗಿ ನೋಡದೆ ಬೇಗ ಬೇಗ ನಡೆದುಬಿಡಬೇಕು. ನಿಂತು ನೋಡಿದರೆ, ತಿನ್ನುವವನಿಗೆ ನಾಚಿಕೆಯಾಗುತ್ತದೆ. ಮಗನಿಗೆ ನೌಕರಿ ಸಿಕ್ಕಾಗ ಟೀಚರ್ ಪದ್ಮಾಬಾಯಿ ಮೊಸರವಲಕ್ಕಿ ಕಟ್ಟಿ ತೂಗುಹಾಕಿದ್ದು ಇಡೀ ವಾಡಿಗೆ ಗೊತ್ತು. ಗೊತ್ತಿಲ್ಲವೆಂದು ತಿಳಿದವರು ಪದ್ಮಾಬಾಯಿ ಒಬ್ಬರೇ.

ಬೆಳಗ್ಗೆ ಮಗಳ ಕೋಣೆಯಲ್ಲಿ ಮೆಹತಾಬ್ ಚಪಾತಿಗೆ ಬೆಲ್ಲ ಹಾಕಿ ಮಲೀದಾ ಕುಟ್ಟಿದ್ದಳು. ಊರಿಂದ ತಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಖಾರದ ಪುಡಿ ಜೊತೆಗಿಟ್ಟು ಚೀಲದಲ್ಲಿ ಹಾಕಿ ಬಾಯಿ ಕಟ್ಟಿದ್ದಳು. ಗಂಡ ಹೊಲಿದ ಚೀಲ. ಕೆಂಪು ಹಸಿರು ಚೌಕಳಿ. ಗುಮ್ಮಟದ ಬಾಗಿಲು ಮುಚ್ಚಿತ್ತು. ಗೋಡೆಗೆ ಒಂದೂ ಮೊಳೆ ಇರಲಿಲ್ಲ. ಎಂಥ ಮಂದಿಯೋ ಎಂದುಕೊಂಡು ಅವಳು ಚೀಲವನ್ನು ಹೊಸ್ತಿಲ ಮೂಲೆಗೆ ಇಟ್ಟಳು, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು, ತಿರುಗಿ ನೋಡದೆ ಸರಸರ ನಡೆದು ಗಂಡನನ್ನು ಕರೆದುಕೊಂಡು ಬಂದರಿನ ಇನ್ನೊಂದು ಬದಿಯ ಕಲ್ಲುಕಟ್ಟೆಯ ಮೇಲೆ ಕುಳಿತಳು. ಕಟ್ಟಳೆಯ ಪ್ರಕಾರ ಅವನಿಗೂ ಹೇಳಲಿಲ್ಲ.

ಮಕ್ಕಳು ಟಿಕೆಟ್ ಹಿಡಿದು ಬರುವುದಕ್ಕೂ ಸೀಟಿ ಊದುವುದಕ್ಕೂ ಸರಿಹೋಯಿತು.

ನೀಲಿ ಅಂಗಿಯ ಪೊಲೀಸರು ಮೊದಲು ಇಬ್ಬರು ಬಂದರು, ಆಮೇಲೆ ಒಂದು ಗಾಡಿ ತುಂಬ ಬಂದರು. ಹೋಟೆಲಿನ ಕುರ್ಚಿಗಳಿಂದ ಜನರನ್ನು ಎಬ್ಬಿಸಿದರು. ಅರ್ಧ ತಿಂದ ತಟ್ಟೆಗಳು ಹಾಗೇ ಉಳಿದವು. ಕುದುರೆಗಳನ್ನು ಹಿಡಿದು ಎಳೆದುಕೊಂಡು ಹೋದರು. ಗುಮ್ಮಟದ ಸುತ್ತ ಪಟ್ಟಿ ಕಟ್ಟಿದರು. ಅತೀಕ ಏನೆಂದು ನೋಡಿಬರಲು ಹೋದವನು ಅರ್ಧ ಓಡುತ್ತ ಬಂದ.

“ಯಾರೋ ಹೆಣ್ಣಮಗಳು ಬಾಗಲದಾಗ ಒಂದು ಚೀಲ ಇಟ್ಟು, ತಿರುಗಿ ಸೈತ ನೋಡದೆ ಓಡಿ ಹೋದ್ಳಂತ. ಹೋಟೆಲಿನವ ನೋಡಿ ಫೋನ್ ಮಾಡ್ಯಾನ. ಬಾಂಬು ಅನ್ಲಿಕತ್ತಾರ.”

“ಎಂಥಾ ಚೀಲ?” ಶೌಕತ ಕೇಳಿದ.

“ಬಟ್ಟಿ ಚೀಲ. ಚೌಕಳಿ…” ಎನ್ನುತ್ತ ಅತೀಕನ ಮಾತು ಅಲ್ಲಿಗೇ ನಿಂತಿತು.

ಮೂವರೂ ಮೆಹತಾಬಳ ಮಡಿಲು ನೋಡಿದರು. ಮಡಿಲು ಬರಿದಾಗಿತ್ತು.

“ಯಾ ಅಲ್ಲಾ,” ಎಂದಳು ಅವಳು, ಜೋರಾಗಿಯೇ. ಅಪ್ಪಣೆ ನೆನಪಿಸಿ ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ. “ಮುಸಾಫಿರನ ಪಾಲು ಇಟ್ಟೆನ್ರಿ. ದರ್ಗಾ ಅಂತ ತಿಳಕೊಂಡೆ.”

“ಅದು ದರ್ಗಾ ಅಲ್ಲ ಅಮ್ಮಿ,” ಎಂದಳು ಸಾನಿಯಾ. “ತುರ್ಕರ ಕಾಲದ ಮಸೀದಿ. ಈಗ ಅಲ್ಲಿ ನಮಾಜ್ ಇಲ್ಲ. ಚಿತ್ರಾ ಇಟ್ಟು ತೋರಸ್ತಾರ.”

ಒಮ್ಮೆ ಒಂದು ಚೀಲ ಮೆಹತಾಬಳ ಗಂಡನನ್ನು ಒಯ್ದಿತ್ತು. ಆ ಚೀಲ ಯಾರು ಇಟ್ಟರೋ ಅವಳಿಗೆ ಗೊತ್ತಿರಲಿಲ್ಲ. ಈ ಚೀಲ ತಾನೇ ಇಟ್ಟದ್ದು.

ಅತೀಕ ತಗ್ಗಿದ ದನಿಯಲ್ಲಿ ಅವಸರ ಅವಸರವಾಗಿ ಹೇಳಿದ. “ಏಳ್ರಿ. ಹೋಗಮಿ. ಚೀಲದ ಮ್ಯಾಲ ಹೆಸರಿಲ್ಲ, ಊರಿಲ್ಲ. ಬಿಚ್ಚಿ ನೋಡ್ತಾರ, ರೊಟ್ಟಿ ಸಿಗ್ತಾವ, ನಕ್ಕು ಸುಮ್ಮನಾಗ್ತಾರ. ನಾವು ಇಲ್ಲಿ ಇರೂದು ಬ್ಯಾಡ.”

“ನಾ ಹೋಗಿ ಹೇಳ್ತೀನಿ,” ಎಂದಳು ಸಾನಿಯಾ. “ನನಗ ಇವರ ಮಾತು ಬರ್ತದ.”

“ನೀ ಹೋಗಬ್ಯಾಡ.” ಶೌಕತ ಮಗಳ ಮೊಣಕೈ ಹಿಡಿದ. “ಹೇಳಿದಾಕಿ ಹೆಸರು ಬರಕೋತಾರ. ನಿನ್ನ ಹೆಸರು ಅಂಥಾದ್ರಾಗ ಎಲ್ಲೂ ಬರಬಾರದು.”

ಅತೀಕ ಹೇಳಿದ್ದೇ ಸರಿ ಎಂದು ಶೌಕತನಿಗೂ ಅನ್ನಿಸಿತು. ಹೆಸರಿನ ಪಟ್ಟಿ ಹಚ್ಚದೆ ಇಷ್ಟು ವರ್ಷ ಚೀಲ ಹೊಲಿದದ್ದು ಇಂಥದೇ ಒಂದು ದಿನಕ್ಕಾಗಿ ಅಲ್ಲವೇ? ಅವನು ಎದ್ದು ನಿಂತ. ಎಲ್ಲರನ್ನೂ ಗಲ್ಲಿಯ ಕಡೆಗೆ ತಿರುಗಿಸಿದ. ಆಗ ಗುಮ್ಮಟದ ಕಡೆಯಿಂದ ಒಬ್ಬನನ್ನು ಎಳೆತಂದು ಗೋಡೆಗೆ ಮುಖ ಮಾಡಿ ನಿಲ್ಲಿಸುವುದು ಕಾಣಿಸಿತು.

ಕಪ್ಪು ಮೈಯ, ನಡುವಯಸ್ಸಿನ ಮನುಷ್ಯ. ಕೊರಳಿಗೆ ಆಟಿಕೆಗಳ ತಟ್ಟೆ ತೂಗುಹಾಕಿಕೊಂಡು, ಬೆಳಗಿಂದ ಬಂದರಿನಲ್ಲಿ ಚಿಕ್ಕ ಮಕ್ಕಳಿಗೆ ಗಾಳಿಗೆ ತಿರುಗುವ ಗಿರಿಗಿಟ್ಲೆಗಳನ್ನು ಮಾರುತ್ತಿದ್ದ. ಅವನು ಆ ಬಾಗಿಲ ಹತ್ತಿರ ನಿಂತಿದ್ದನಂತೆ. ಅಷ್ಟೇ. ಹತ್ತಿರ ನಿಂತಿದ್ದ, ಮತ್ತು ಅವನ ಮೈಯ ಬಣ್ಣ ಹಾಗಿತ್ತು. ಇಬ್ಬರು ಪೊಲೀಸರು ಅವನ ಕೈಗಳನ್ನು ಗೋಡೆಗೆ ಊರಿಸಿ ಜೇಬು ತಡವುತ್ತಿದ್ದರು. ಗಿರಿಗಿಟ್ಲೆಗಳು ಕೆಳಗೆ ಬಿದ್ದು ಗಾಳಿಗೆ ಸುಮ್ಮನೆ ತಿರುಗುತ್ತಿದ್ದವು.

ಶೌಕತ ನಿಂತಲ್ಲೇ ನಿಂತ.

ಒಳಗಿದ್ದ ಅಷ್ಟೂ ವರ್ಷ ಅವನು ಒಬ್ಬನೇ ಒಬ್ಬ ಮನುಷ್ಯನ ದಾರಿ ಕಾದಿದ್ದ. ವಕೀಲನದಲ್ಲ, ಜಡ್ಜ್ ಸಾಹೇಬರದಲ್ಲ. ಆ ಚೀಲ ಇಟ್ಟವನದು. ಎಲ್ಲಿದ್ದಾನೋ, ಅವನಿಗೂ ಹೆಂಡತಿ ಮಕ್ಕಳಿರಬಹುದು, ಒಂದು ದಿನ ಮನಸ್ಸಿಗೆ ಚುಚ್ಚಿ ಎದ್ದು ಬಂದು ‘ನಂದು, ಇವನದಲ್ಲ’ ಎಂದಾನು ಎಂದು ಕಾದಿದ್ದ. ಬರಲಿಲ್ಲ. ಬರದವನನ್ನು ಅವನು ಪೊಲೀಸರಿಗಿಂತ ಹೆಚ್ಚು ಬೈದಿದ್ದ.

“ಇಟ್ಟಾಕಿ ನಾನ್ರಿ. ನಾ ಹೋಗ್ತೀನಿ,” ಎಂದಳು ಮೆಹತಾಬ್.

“ಹೊಲದಾಂವ ನಾನು. ನೀ ಕುಂದ್ರು.”

“ಅಬ್ಬಾ, ನಿಮ್ಮ ಮ್ಯಾಲ ಹಳೀ ಕೇಸ್ ಅದ,” ಅತೀಕ ಅವನ ಅಂಗಿ ಹಿಡಿದು ಜಗ್ಗಿದ. “ಕಂಪ್ಯೂಟರಿನ್ಯಾಗ ಒಂದ ಸಲ ಹೆಸರು ಒತ್ತಿದ್ರ…”

“ಒತ್ತಲಿ. ಆ ಮನಷ್ಯಾನ್ನ ನೋಡು. ಅಂವ ಏನು ಹೊಲದಾನ?”

ಅವನು ಮಗನ ಕೈ ಬಿಡಿಸಿಕೊಂಡು ಹೊರಟೇಬಿಟ್ಟ. ಎರಡೂ ಕೈ ತಲೆಯ ಮೇಲೆ ಎತ್ತಿಕೊಂಡಿದ್ದ. ಎತ್ತು ಎಂದು ಯಾರೂ ಹೇಳಿರಲಿಲ್ಲ. ಖಾಲಿಯಾದ ಬಂದರಿನ ಉದ್ದಕ್ಕೂ, ಬಿಸಿಲಿನಲ್ಲಿ, ಕೈ ಎತ್ತಿದ ಒಬ್ಬ ಮುದುಕ ನಡೆದು ಹೋಗುವುದನ್ನು ಪಟ್ಟಿಯಾಚೆ ನಿಂತ ಜನ ಬಾಯಿ ತೆರೆದು ನೋಡಿದರು. ಮೆಹತಾಬ್ ಅವನ ಹಿಂದೆ, ಮಕ್ಕಳಿಬ್ಬರೂ ಅವಳ ಹಿಂದೆ ಓಡಿದರು.

ಪೊಲೀಸರ ಮುಖ್ಯಸ್ಥೆ ಒಬ್ಬ ಹೆಂಗಸು. ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದಳು. ಅವಳು ಅಂಗೈ ತೋರಿಸಿ ನಿಲ್ಲಲು ಹೇಳಿ, ಏನೋ ಕೇಳಿದಳು.

“ಕೈ ಇಳಸ್ರಿ ಅನ್ಲಿಕತ್ತಾರ, ಅಬ್ಬಾ,” ಸಾನಿಯಾ ಏದುಸಿರು ಬಿಡುತ್ತ ಹೇಳಿದಳು.

“ಇರಲಿ ಬಿಡು.”

“ಇಳಸ್ರಿ. ನಿಮಗ ಎದಿನೋವೇನು ಅಂತ ಕೇಳಾಕತ್ತಾರ.”

ಶೌಕತ ಕೈ ಇಳಿಸಿದ. ಎಲ್ಲಿಡಬೇಕೋ ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

“ಆ ಚೀಲ ನಂದು ಅಂತ ಹೇಳು. ಅದರ ಮ್ಯಾಲ ಹೆಸರಿಲ್ಲ ಖರೆ. ಹೊಲಿಗಿ ನಂದು. ಅದರಾಗ ರೊಟ್ಟಿ ಅದ, ಹಿಂಡಿ ಅದ, ಮಲೀದಾ ಅದ. ಮುಂದ ಬಿಚ್ಚಲಿಕ್ಕೆ ನನ್ನೇ ಕಳಸು ಅನ್ನು. ಮತ್ತ ಆ ಗ್ವಾಡಿ ಹತ್ರ ನಿಂತಾನಲ್ಲ, ಅವನಿಗೂ ನಮಗೂ ಗುರುತಿಲ್ಲ, ಅವನ್ನ ಬಿಡು ಅನ್ನು. ಅದು ಮೊದಲ ಹೇಳು.”

ಸಾನಿಯಾ ಹೇಳಿದಳು. ಹೇಳುತ್ತ ಹೇಳುತ್ತ ಮೊಳೆಯ ಕಥೆ, ರೈಲಿನ ಕಥೆ, ತಿರುಗಿ ನೋಡಬಾರದೆಂಬ ಕಟ್ಟಳೆಯ ಕಥೆ ಎಲ್ಲ ಹೇಳಬೇಕಾಯಿತು. ಮುಖ್ಯಸ್ಥೆ ಹುಬ್ಬು ಗಂಟಿಕ್ಕಿಯೇ ಕೇಳಿದಳು. ಒಮ್ಮೆ ಮೆಹತಾಬಳ ಕಡೆ, ಒಮ್ಮೆ ಹೋಟೆಲಿನವನ ಕಡೆ ನೋಡಿದಳು. ಹೌದು, ಇವಳೇ ಇಟ್ಟದ್ದು ಎಂದು ಹೋಟೆಲಿನವ ತಲೆಯಾಡಿಸಿದ. ಶೌಕತನನ್ನು ಬಿಚ್ಚಲು ಕಳಿಸಲಿಲ್ಲ. ನಾಯಿ ಬರಬೇಕಿತ್ತು.

ನಾಯಿ ಬಂತು. ದೊಡ್ಡ ಕಿವಿಯ, ಕಂದು ಬಣ್ಣದ, ತನ್ನ ಕೆಲಸದ ಬಗ್ಗೆ ಭಾಳ ಗಂಭೀರವಾದ ನಾಯಿ. ಹೊಸ್ತಿಲಿಗೆ ಹೋಗಿ ಚೀಲದ ಸುತ್ತ ಮೂಗು ಆಡಿಸಿತು. ಚೀಲದ ಬಾಯಿಗೆ ಮೂಗಿಟ್ಟು ಒಮ್ಮೆ ಆಳವಾಗಿ ಎಳೆದುಕೊಂಡಿತು. ನಾಯಿ ಸೀನಿತು. ಮತ್ತೊಮ್ಮೆ ಸೀನಿತು. ಆಮೇಲೆ ಹಿಂದಕ್ಕೆ ಸರಿದು, ಮೂಗನ್ನು ಮುಂಗಾಲಿನಿಂದ ಉಜ್ಜಿಕೊಳ್ಳುತ್ತ, ತನ್ನ ಯಜಮಾನನ ಮುಖವನ್ನು ದೂರುವ ಹಾಗೆ ನೋಡಿತು.

“ಬಳ್ಳೊಳ್ಳಿ ಹೆಚ್ಚಾಗ್ಯದ,” ಎಂದ ಅತೀಕ.

“ಕಾರಾ ಹೆಚ್ಚಾಗಿದ್ದು. ಆಡಕಿ ಊರಿನ ಮೆಣಸಿನಕಾಯಿ ಅದು, ಕೇಳಬ್ಯಾಡ,” ಎಂದಳು ಮೆಹತಾಬ್, ಅಳುತ್ತ.

ಗಂಟು ಬಿಚ್ಚಿದರು. ರೊಟ್ಟಿ ಚೂರಾಗಿದ್ದವು. ಮಲೀದಾದ ಪೊಟ್ಟಣ ಬಿಚ್ಚಿದರು, ಹಿಂಡಿಯ ಪೊಟ್ಟಣ ಬಿಚ್ಚಿದರು. ಅದನ್ನು ಮೂಸಿದ ಪೊಲೀಸಿನವನೂ ಕೆಮ್ಮಿದ. ಅಷ್ಟೇ. ಒಂದು ಗಂಟು ಬಿಚ್ಚುವಷ್ಟು ಹೊತ್ತು. ಶೌಕತ ಆ ಬಿಚ್ಚಿದ ಚೀಲವನ್ನೇ ನೋಡುತ್ತ ನಿಂತ. ಒಬ್ಬ ಮನುಷ್ಯನ ಮಾತು ಖರೆಯೋ ಸುಳ್ಳೋ ನೋಡಲು ಇಷ್ಟು ಸಾಕಾಗಿತ್ತೇ? ನೋಡುವ ಮನಸ್ಸಿದ್ದರೆ ಸಾಕಾಗಿತ್ತು. ಅವನ ಒಂಬತ್ತು ವರ್ಷ ಹೋದದ್ದು ಗಂಟು ಬಿಗಿಯಾಗಿದ್ದಕ್ಕಲ್ಲ.

ಗೋಡೆಯ ಹತ್ತಿರದವನನ್ನು ಬಿಟ್ಟರು. ಅವನು ಗಿರಿಗಿಟ್ಲೆಗಳನ್ನು ಬಾಚಿ ತಟ್ಟೆಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ, ಜನರ ನಡುವೆ ಸೇರಿ ಮಾಯವಾದ. ಅವನ ಹತ್ತಿರ ಕಾಗದ ಇದ್ದವೋ ಇಲ್ಲವೋ. “ನಮ್ಮ ಕೈಯಾಗ ವೀಸಾ ಇತ್ತು, ಅಬ್ಬಾ,” ಎಂದು ಸಾನಿಯಾ ಮೆಲ್ಲಗೆ ಹೇಳಿದಳು. “ಇಲ್ಲಾಂದ್ರ ಇವರೂ ಇಷ್ಟು ಸಮಾಧಾನ ಇರ್ತಿದ್ದಿಲ್ಲ. ಇದೇ ಸಮುದ್ರದಾಗ ದೋಣಿ ಮುಳುಗಿ ಸತ್ತವರ್ನ ಕೇಳಬೇಕು.” ಶೌಕತ ತಲೆಯಾಡಿಸಿದ. ಅದು ಅವನಿಗೆ ಯಾರೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ.

ಮುಖ್ಯಸ್ಥೆ ಅವನ ಪಾಸ್‌ಪೋರ್ಟ್ ಕೇಳಿದಳು. ಗಾಡಿಯೊಳಗೆ ಕುಳಿತು ಯಂತ್ರದಲ್ಲಿ ಏನೋ ಒತ್ತಿದಳು. ಮೆಹತಾಬ್ ಗಂಡನ ಪಕ್ಕ ನಿಂತು ಅವನ ಅಂಗಿಯ ತೋಳನ್ನು ಬಿಗಿಹಿಡಿದಿದ್ದಳು. ಈ ಸಲ ಒಯ್ದರೆ ತೋಳು ಹರಿಯಬೇಕು, ಇಲ್ಲವೇ ತನ್ನನ್ನೂ ಜೊತೆಗೆ ಒಯ್ಯಬೇಕು. ಮುಖ್ಯಸ್ಥೆ ಇಳಿದು ಬಂದಳು. ಪಾಸ್‌ಪೋರ್ಟನ್ನು ಶೌಕತನ ಕೈಗೇ ಕೊಟ್ಟು, ಸಾನಿಯಾಳಿಗೆ ಎರಡು ಮಾತು ಗಡುಸಾಗಿ ಹೇಳಿ, ಗಾಡಿಯ ಕಡೆ ತಿರುಗಿದಳು.

ಶೌಕತ ಅಲುಗಲಿಲ್ಲ.

“ಸಹಿ ಎಲ್ಲಿ ಮಾಡಬೇಕಂತ ಕೇಳು.”

“ಸಹಿ ಏನೂ ಇಲ್ಲ, ಅಬ್ಬಾ.”

“ಹೆಬ್ಬಟ್ಟು?”

“ಅದೂ ಇಲ್ಲ.”

“ಹಂಗಾದ್ರ ಮತ್ತ ಯಾವಾಗ ಬರಬೇಕಂತ ಕೇಳು. ಸೋಮವಾರ ಸೋಮವಾರ ಬರಬೇಕಾದ್ರ, ನಮ್ಮ ವಿಮಾನ ಶುಕ್ರವಾರ ಅದ ಅಂತ ಈಗ ಹೇಳಿಬಿಡು. ಆಮ್ಯಾಲ ಹೇಳಿದ್ರ ಕೇಳಂಗಿಲ್ಲ.”

ಗಾಡಿ ಹತ್ತಲಿದ್ದ ಮುಖ್ಯಸ್ಥೆಯೇ ತಿರುಗಿ, ನಿಮ್ಮ ತಂದೆ ಏನು ಕೇಳುತ್ತಿದ್ದಾರೆ ಎಂದಳು. ಸಾನಿಯಾ ಹೇಳಿದಳು. ಮುಖ್ಯಸ್ಥೆಗೆ ಮೊದಲು ಅರ್ಥವಾಗಲಿಲ್ಲ. ಎಲ್ಲಿಗೆ ಬರುವುದು ಎಂದು ಕೇಳಿದಳು. ಸ್ಟೇಶನ್ನಿಗೆ, ಹಾಜರಿ ಹಾಕಲು, ಎಂದಳು ಸಾನಿಯಾ. ಯಾಕೆ ಎಂದು ಕೇಳಲು ಹೊರಟ ಮುಖ್ಯಸ್ಥೆ ಶೌಕತನ ಮುಖ ನೋಡಿ ಕೇಳಲಿಲ್ಲ. ಚೀಲವನ್ನು ತಾನೇ ಎತ್ತಿ, ಅಡ್ಡಾದಿಡ್ಡಿಯಾಗಿ ಗಂಟು ಹಾಕಿ, ಅವನ ಕೈಗಿಟ್ಟು ಏನೋ ಹೇಳಿದಳು.

“ಏನಂತ?”

“ಮುಗೀತಂತ, ಅಬ್ಬಾ. ಎಲ್ಲಿಗೂ ಬರೂದು ಬ್ಯಾಡ. ಊಟದ ಹೊತ್ತಾಗ್ಯದ, ಹೋಗಿ ಉಣ್ರಿ ಅಂದ್ರು.”

“ಮುಗೀತು ಅಂದ್ರ… ಪೂರಾ?”

“ಪೂರಾ.”

ಪಟ್ಟಿ ಬಿಚ್ಚಿದರು. ಕುದುರೆಗಳು ತಿರುಗಿ ಬಂದವು. ಜನ ತಮ್ಮ ಅರ್ಧ ತಿಂದ ತಟ್ಟೆಗಳಿಗೆ ಮರಳಿದರು. ನಾಲ್ವರೂ ಬಂದರನ್ನು ಬಿಟ್ಟು ಒಂದು ಸಣ್ಣ ಗಲ್ಲಿಯೊಳಗೆ ಹೊಕ್ಕರು. ಮೆಟ್ಟಿಲು ಮೆಟ್ಟಿಲಾಗಿ ಏರುವ ಗಲ್ಲಿ. ಎರಡೂ ಕಡೆ ಡಬ್ಬಿಗಳಲ್ಲಿ ಹೂವಿನ ಗಿಡ. ಮೊದಲ ತಿರುವು ದಾಟಿದ ಕೂಡಲೇ ಮೆಹತಾಬ್ ನಿಂತಳು.

“ಕೈ ಯಾಕ ಎತ್ತಿದ್ರಿ?”

“ಏನು?”

“ಕೈ! ಯಾರರ ಎತ್ತಂದ್ರೇನು? ಇಡೀ ದೇಶ ನೋಡ್ಲಿಕತ್ತಿತ್ತು. ಕಳ್ಳರಂಗ!”

ಅತೀಕ ಬೆಚ್ಚಿ ಅಕ್ಕನ ಮುಖ ನೋಡಿದ. ಅಪ್ಪ ಹೊರಗೆ ಬಂದಾಗಿನಿಂದ ಅಮ್ಮಿ ಅವನ ಎದುರು ಒಂದು ತಟ್ಟೆಯನ್ನೂ ಸಪ್ಪಳ ಮಾಡಿ ಇಟ್ಟವಳಲ್ಲ. ಉಪ್ಪು ಕಮ್ಮಿಯಾದರೂ ಅವನು ಅನ್ನುತ್ತಿರಲಿಲ್ಲ, ತಡವಾಗಿ ಬಂದರೂ ಅವಳು ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಎಲ್ಲರೂ ಜ್ವರದ ಕೂಸಿನ ಹತ್ತಿರ ನಡೆದಾಡುವ ಹಾಗೆ ತುದಿಗಾಲಲ್ಲಿ ನಡೆದಾಡುತ್ತಿದ್ದರು.

“ನೀ ಯಾಕ ಇಟ್ಟಿ ಹೇಳ ಮೊದಲ!” ಶೌಕತನ ದನಿ ಗಲ್ಲಿಯ ತುಂಬ ಬಡಿಯಿತು. ಅಷ್ಟು ದನಿ ತನ್ನಲ್ಲಿದೆಯೆಂದು ಅವನಿಗೂ ನೆನಪಿದ್ದಂತಿರಲಿಲ್ಲ. “ಕಂಡ ಗುಮ್ಮಟ ಎಲ್ಲಾ ದರ್ಗಾ ಏನು? ನಾಳೆ ನೀರಿನ ಟ್ಯಾಂಕಿಗೂ ಚಾದರ ಹೊಚ್ಚತಿ!”

“ಗುಮ್ಮಟ ಕಂಡ್ರ ದರ್ಗಾ ಅನಲಾರದೆ ದವಾಖಾನಿ ಅನಬೇಕೇನು? ನೀವು ಎಲ್ಲಿದ್ರಿ? ಸೂಜಿ ಕಂಡ್ರ ಸಾಕು, ಹೇಣ್ತಿ ಸತ್ತಾಳೋ ಇದ್ದಾಳೋ ಗೊತ್ತಾಗಂಗಿಲ್ಲ!”

“ಮದಿವಿ ಆದಾಗಿಂದ ಹಿಂಗ ಈಕಿದು. ಒಂದ ಮಾತು ಕೇಳಿ ಮಾಡೂದಿಲ್ಲ.”

“ಕೇಳಿ ಮಾಡಾಕ ನೀವು ಮಾತಾಡಬೇಕಲ್ಲ! ಮಾತಾಡಿ ಎಷ್ಟು ವರ್ಷ ಆತು ನೀವು?”

ಶೌಕತ ಒಂದು ಮೆಟ್ಟಿಲು ಮೇಲೆ ಹತ್ತಿ, ಅಲ್ಲಿಂದ ಉತ್ತರ ಕೊಡಲು ತಿರುಗಿದ. ಅವನ ಕಣ್ಣಲ್ಲಿ ನೀರಿತ್ತು, ಆದರೆ ಜಗಳ ಬಿಡುವ ಲಕ್ಷಣ ಇರಲಿಲ್ಲ. ಅತೀಕ ನಡುವೆ ಹೋಗಲು ಹೆಜ್ಜೆ ಇಟ್ಟ. ಸಾನಿಯಾ ಅವನ ಕಾಲರ್ ಹಿಡಿದು ಮೆಟ್ಟಿಲ ಮೇಲೆ ಕೂರಿಸಿದಳು.

“ಬಿಡಸಲೇನು, ಆಪಾ?”

“ಬಿಡಸೀ ಜೋಕೆ. ಸುಮ್ಮ ಕುಂದ್ರು.”

ಮೇಲಿನ ಮನೆಯೊಂದರ ಕಿಟಕಿ ತೆರೆಯಿತು. ಕಪ್ಪು ಬಟ್ಟೆಯ ಒಬ್ಬ ಮುದುಕಿ ಹೊರಗೆ ಬಗ್ಗಿ, ಕೆಳಗೆ ಕೈಕೈ ಬೀಸಿ ಕೂಗಾಡುತ್ತಿದ್ದ ಗಂಡ ಹೆಂಡತಿಯನ್ನು ಸ್ವಲ್ಪ ಹೊತ್ತು ನೋಡಿ, ತನ್ನ ಭಾಷೆಯಲ್ಲಿ ಏನೋ ಕೂಗಿ ಕೇಳಿದಳು. ಸಾನಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಏನಂತ ಆಕಿ?” ಶೌಕತ ಕೇಳಿದ.

“ಗಂಡ ಹೇಣ್ತಿ ಜಗಳ ಭಾಳ ಆಗ್ಯದ, ಪೊಲೀಸ್ರಿಗೆ ಫೋನ್ ಮಾಡಲೇನು ಅಂತ ಕೇಳಾಕತ್ತಾಳ.”

ಶೌಕತ ತಲೆ ಎತ್ತಿ ಮುದುಕಿಯನ್ನು ನೋಡಿದ.

“ಮಾಡು ಅಂತ ಹೇಳು,” ಎಂದ. “ಜಲ್ದಿ ಬಂದು ಈಕಿನ್ನ ಒಯ್ಯಲಿ.”